ರಾಣಿಯೊಬ್ಬಳೇ ಉಳಿದ ಪೆಟ್ಟಿಗೆ

ಮಾರ್ಚ್ ೧೨, ಗಂಬೋವಾ.

ಆ ರಾಣಿ ಇರುವೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಪ್ರಯೋಗಾಲಯದ ಪೆಟ್ಟಿಗೆಯಲ್ಲಿ ಅವಳ ಸಂಸಾರ ಎಲೆಚೂರುಗಳ ಮೇಲೆ ಬೆಳೆಸಿ ತಿನ್ನುತ್ತಿದ್ದ ಬೂಷ್ಟಿನ ತೋಟ ಕೊಳೆತುಹೋಗಿತ್ತು. ಪಕ್ಕದ ಪೆಟ್ಟಿಗೆಯ ಇರುವೆಗಳಿಂದ ಒಂದಿಷ್ಟು ಬೂಷ್ಟು ಕದ್ದಾದರೂ ತರಲಿ ಎಂದು ನಾನೇ ನಡುವೆ ಕಡ್ಡಿಯ ಸೇತುವೆ ಇಟ್ಟೆ.

ಒಂದರ ಕಾಲು ಒಂದು ಕತ್ತರಿಸಿ ಕಾದಾಡುತ್ತವೆ ಅಂದುಕೊಂಡಿದ್ದೆ. ಇಲ್ಲ. ಎರಡಕ್ಕೂ ನಾವು ಹಾಕುವುದು ಅಂಗಳದ ಒಂದೇ ಮಾವಿನ ಎಲೆ, ಮೈವಾಸನೆಯೂ ಒಂದಾಗಿಬಿಟ್ಟಿರಬೇಕು. ಇವಳ ಮಕ್ಕಳೆಲ್ಲ ಆಚೆ ಹೋಗಿ ಅಲ್ಲಿಯ ತೋಟಕ್ಕೇ ಎಲೆ ಕತ್ತರಿಸತೊಡಗಿದವು. ಒಂದೂ ಮರಳಲಿಲ್ಲ.

“ಜಗಳ ಆಗ್ಲಿಲ್ವಲ್ಲ, ಖುಷಿಪಡು ಮಾರಾಯ್ತಿ. ಹೊಟ್ಟೆ ತುಂಬೋ ಕಡೆ ಹೋದ್ವು ಅಷ್ಟೇ,” ಎಂದ ಜೊತೆಗೆ ಕೆಲಸ ಮಾಡುವ ಎಲಾದಿಯೊ.

ಜಗಳವಾಗಿದ್ದರೆ ಅವಳಿಗಾಗಿ ಹೊಡೆದಾಡುವವರಿದ್ದರು ಅಂತಾದರೂ ಆಗುತ್ತಿತ್ತು.

ಸಂಜೆ ನೋಡಿದರೆ, ಖಾಲಿ ಪೆಟ್ಟಿಗೆಯಲ್ಲಿ ತನ್ನ ಕುಡಿಮೀಸೆಯನ್ನು ತಾನೇ ಒರೆಸಿಕೊಳ್ಳುತ್ತಿದ್ದಳು. ಕಡ್ಡಿ ತೆಗೆಯದೆ ಬಂದಿದ್ದೇನೆ. ಒಂದಾದರೂ…