ನಿಂತ ಯಂತ್ರದ ಸದ್ದು

ಪುಟ್ಟಿಯ ಅಮ್ಮನಿಗೆ,

ಗುರುತಿಲ್ಲದ ಊರಿನಲ್ಲಿ ಮಾನ ಹೋದರೆ ಹೋದಂತಲ್ಲ ಎಂದೋ ಏನೋ ನಿನ್ನ ಅಣ್ಣ ಹೇಳುತ್ತಿದ್ದನಲ್ಲ, ನಿನ್ನೆ ಅದೂ ಆಯಿತು. ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಕಾರ್ಖಾನೆಯವರು ನನ್ನ ಕಿವಿ ಪರೀಕ್ಷೆ ಮಾಡಿಸಿದರು. ಯಂತ್ರದ ಸದ್ದು ಕೇಳಿ ಅದರ ರೋಗ ಹೇಳುವವನಿಗೆ ಕಿವಿಯೇ ಬಂಡವಾಳ ತಾನೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕೆಂದರು. ಕಣ್ಣು ಮುಚ್ಚಿ ಶ್ರದ್ಧೆಯಿಂದ ಒತ್ತುತ್ತಾ ಹೋದೆ. ಕೊನೆಗೆ ನರ್ಸ್ ಬಂದು ಭುಜ ತಟ್ಟಿದಳು.

"ಏನ್ ಸಾರ್ ಇನ್ನೂ ಒತ್ತಾ ಇದೀರಾ? ಟೆಸ್ಟ್ ಮುಗಿಸಿ, ಮಿಷಿನ್ ಆಫ್ ಮಾಡಿ, ನಾನು ಕಾಫೀನೂ ಕುಡ್ಕೊಂಡ್ ಬಂದೆ!"

"ಸಣ್ಣಗೆ ಕೇಳಿಸ್ತಾ ಇತ್ತಲ್ಲಮ್ಮ."

"ಹೌದಾ? ನನಗೂ ಸ್ವಲ್ಪ ಕೇಳಿಸಿ ಸಾರ್!"

ಗಾಜಿನಾಚೆ ಸರದಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ವಲ್ಪ ತಡವಾಗಿ ನಾನೂ ನಕ್ಕೆ.

ಎಡಗಿವಿ ಮುಕ್ಕಾಲು ಹೋಗಿದೆಯಂತೆ. ಬಂದ ಕೆಲಸ ಸಿಗಲಿಲ್ಲ. ಉಗ್ರಾಣದಲ್ಲಿ ಕೂರಿಸುತ್ತಾರೆ, ಸಂಬಳ ಕಡಿಮೆ. ಉಳಿದಂತೆ ಆರೋಗ್ಯವಾಗಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು, ಒಂದು ಮಾತು. ಬಸ್ಸು ಹೊರಟಾಗ ನೀನು ಕಿಟಕಿಯ ಪಕ್ಕದಲ್ಲೇ ಓಡಿಬರುತ್ತಾ ಏನೋ ಕೇಳಿದೆ. ನಾನು ಆಗಲಿ ಎಂದು ತಲೆಯಾಡಿಸಿಬಿಟ್ಟೆ. ಅವತ್ತು ನಾನು ಒಪ್ಪಿಕೊಂಡದ್ದು ಯಾವುದಕ್ಕೆ?