ಮೇಜಿನ ಕಾಲಡಿಯ ಕಾಗದ

ಚಿಕ್ಕಪ್ಪಾ,

ನಾನು ಕೋರ್ಟಿಗೆ ಹೊರಟೆ. ನನ್ನ ಎಂಟು ಸಾವಿರದ ಕ್ರೆಡಿಟ್ ಕಾರ್ಡ್ ಬಾಕಿಯನ್ನು ಬ್ಯಾಂಕಿನವರು ತೊಂಬತ್ತು ಸಾವಿರಕ್ಕೆ ಬೆಳೆಸಿದ್ದಾರಲ್ಲ, ಅದರ ತೀರ್ಮಾನ ಇವತ್ತೇ. ನಾನು ಸಹಿ ಹಾಕಿದ ಮೂಲ ಒಪ್ಪಂದ ತೋರಿಸದಿದ್ದರೆ ಅವರ ಆಟ ನಡೆಯುವುದಿಲ್ಲ ಎಂದಿದ್ದಾರೆ ವಕೀಲರು. ಬ್ಯಾಂಕಿನವರು ಒಂದು ವಾರದಿಂದ ಅದನ್ನೇ ಹುಡುಕುತ್ತಿದ್ದಾರೆ.

ಅದು ನಮ್ಮ ಊಟದ ಮೇಜಿನ ಕುಂಟುಕಾಲಿನ ಕೆಳಗಿದೆ. ಬೆಳಿಗ್ಗೆ ಗುಡಿಸುವಾಗ ಕಂಡೆ. ನನ್ನಾಣೆ, ನಾನಿಟ್ಟದ್ದಲ್ಲ. ಹೋದ ವಾರ ವಸೂಲಿಯವನು ಟೀ ಚೆಲ್ಲಿಕೊಂಡು, "ಅಯ್ಯೋ, ಏನ್ ಸಾರ್ ಇದು, ಮೇಜು ಹಿಂಗ್ ಕುಣಿಯುತ್ತೆ!" ಎನ್ನುತ್ತಾ ತನ್ನ ಫೈಲಿನಿಂದಲೇ ಒಂದು ಕಾಗದ ಎಳೆದು, ನಾಲ್ಕಾಗಿ ಮಡಚಿ ತುರುಕಿದನಲ್ಲ, ಅದೇ. ನೀವು ಬೇರೆ "ದೇವರಂಥ ಮನುಷ್ಯ" ಎಂದು ಹೊಗಳಿದಿರಿ.

ಅವನು ಹನ್ನೊಂದಕ್ಕೆ ಮತ್ತೆ ಬರುತ್ತಾನೆ. ಟೀ ಕೊಡಿ, ಅರ್ಧ ಲೋಟ ಮಾತ್ರ. ಸಹಿ ಕೇಳಿದರೆ ಸಿಹಿ ಕೊಡಿ. "ಮೇಜು ಗಟ್ಟಿಯಾಗಿದೆಯಲ್ಲ" ಎಂದರೆ ತಕ್ಷಣ ನಿಮ್ಮ ಮಂಡಿನೋವಿನ ಕಥೆ ಶುರುಮಾಡಿ. ಅದು ಮುಗಿಯುವಷ್ಟರಲ್ಲಿ ನನ್ನ ಕೇಸೂ ಮುಗಿದಿರುತ್ತದೆ. ನಡುವೆ ಫೋನಿನಲ್ಲಿ ಬ್ಯಾಂಕ್ ಮ್ಯಾನೇಜರ್ ಗದರಿ ಅವನನ್ನು ವಾಪಸ್ ಕರೆದರೆ ಹೆದರಬೇಡಿ, ಅದು ನಾನೇ.

ಆದರೆ ಅವನು ಬಾಯಿಬಿಟ್ಟು ಕೇಳಿದರೆ ಕಾಗದ ಕೊಟ್ಟುಬಿಡಿ. ಸುಳ್ಳು ಹೇಳಲು ಹೋದರೆ ನಿಮ್ಮ ಕಿವಿ ಕೆಂಪಗಾಗುತ್ತದೆ.

ಗೆದ್ದರೆ ಮೇಜಿಗೆ ಹೊಸ ಕಾಲು ಹಾಕಿಸೋಣ. ಸೋತರೆ ಮೇಜನ್ನೇ ಹೊತ್ತೊಯ್ಯುತ್ತಾರೆ. ಆಮೇಲೆ ಅದು ಕುಣಿದರೆ ಅವರ ಹಣೆಬರಹ.