ಸಸ್ಯಾಹಾರಿ ಮೀನು ಕೇಳಿದವನು

ಗೆಳೆಯ ಶೇಖರಾ,

ನೀನು ಹೋದ ಮೇಲೆ ನಿನಗೆ ಹೇಳಬೇಕೆನಿಸಿದ ಸುದ್ದಿಗಳು ಎಷ್ಟೋ ಇದ್ದವು. ಮಗನಿಗೆ ಪ್ರಮೋಷನ್ ಆದದ್ದು, ನನ್ನ ಮಂಡಿನೋವು ಬಲಗಾಲಿನಿಂದ ಎಡಗಾಲಿಗೆ ವರ್ಗವಾದದ್ದು. ಆಗೆಲ್ಲ ಪೆನ್ನು ಹಿಡಿಯಲಿಲ್ಲ. ಈಗ ತಲೆ ಎತ್ತಲಾಗದ ಕೆಲಸ ಮಾಡಿಕೊಂಡು ಕೂತಿದ್ದೇನೆ, ಈಗ ನೀನು ಬೇಕಾಗಿದ್ದೀಯ. ಬಯ್ಯುವುದಾದರೆ ಪೂರ್ತಿ ಓದಿ ಬಯ್ಯು.

ಫೋರ್ಟಿನ ಆಫೀಸು ಬಿಟ್ಟ ಮೇಲೆ ಕ್ರಾಫರ್ಡ್ ಮಾರ್ಕೆಟ್ಟಿನ ಕಡೆ ತಿರುಗುತ್ತಿದ್ದ ಸಂಜೆಗಳು ನಿನಗೆ ನೆನಪಿರಬೇಕು. ನಿನಗೆ ಭಾಂಡುಪ್ ಲೋಕಲ್, ನನಗೆ ಕಾಂದಿವಲಿಯದು, ಇಬ್ಬರಿಗೂ ಆ ದಾರಿ ಸುತ್ತು. ಆದರೂ ಟ್ಯಾಂಕಿನಲ್ಲಿ ಸಾಕುವ ಸಮುದ್ರದ ಮೀನು ಮಾರುವ ಆ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಲ್ಲದೆ ಮನೆಗೆ ಹೋಗುತ್ತಿರಲಿಲ್ಲ. ಮಲ್ಪೆಯ ದೋಣಿಯವರ ಮಗ ನೀನು. ಮೀನನ್ನು ತಟ್ಟೆಯಲ್ಲಿ ನೋಡಿದಷ್ಟೇ ಪ್ರೀತಿಯಿಂದ ಟ್ಯಾಂಕಿನಲ್ಲೂ ನೋಡುತ್ತಿದ್ದೆ. "ಭಟ್ರೇ, ಚಂದ ನೋಡಿ ತರುವುದಲ್ಲ. ನಿಮ್ಮ ಟ್ಯಾಂಕ್ ಎಷ್ಟು ದೊಡ್ಡದುಂಟು, ಮೊದಲು ಅದು ನೋಡಬೇಕು. ಸಾಧುಗಳನ್ನು ಮೊದಲು ಬಿಡಬೇಕು, ಜಗಳಗಂಟನನ್ನು ಕಡೆಗೆ. ಒಂದೇ ಆಕಾರ, ಒಂದೇ ತಿಂಡಿ, ಅಂಥ ಎರಡನ್ನು ಸಣ್ಣ ಟ್ಯಾಂಕಿಗೆ ಹಾಕಿದ್ರೆ ಕತೆ ಮುಗೀತು" ಎನ್ನುತ್ತಿದ್ದೆ. ರಿಟೈರ್ ಆದ ಮೇಲೆ ಇಬ್ಬರ ಮನೆಯಲ್ಲೂ ಒಂದೊಂದು ಟ್ಯಾಂಕ್ ಎಂದು ಮಾತಾಗಿತ್ತು. ನಾನು ರಿಟೈರ್ ಆದೆ. ನೀನು...

ಮಗ ಮೂರಡಿ ಉದ್ದದ ಟ್ಯಾಂಕ್ ತಂದು ಹಾಲಿನಲ್ಲಿ ಇಟ್ಟ ದಿನ ನನ್ನಾಕೆ ಸುಮತಿ ಸೊಂಟಕ್ಕೆ ಕೈಯಿಟ್ಟು ಒಂದೇ ಷರತ್ತು ಹಾಕಿದಳು. "ಮೀನು ಇರಲಿ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕೆ ಹಾಕುವ ಮಾಂಸ ಗೀಂಸ ಈ ಹೊಸಿಲು ದಾಟಬಾರದು." ನನಗೂ ಅದು ಸರಿಯೆಂದೇ ಕಂಡಿತು. ಉಪ್ಪು ಬೆರೆಸಿ, ಕಲ್ಲು ಜೋಡಿಸಿ, ನೀರು ಹದಕ್ಕೆ ಬರಲೆಂದು ವಾರಗಟ್ಟಲೆ ಖಾಲಿ ನೀರನ್ನು ನೋಡುತ್ತ ಕೂತು, ಕೊನೆಗೆ ಅಂಗಡಿಗೆ ಹೋಗಿ ಕೇಳಿದ್ದೇನು ಗೊತ್ತೇ? "ಸಸ್ಯಾಹಾರಿ ಮೀನು ಯಾವುದುಂಟು?" ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಂಕಲ್, ಸಮುದ್ರದಲ್ಲಿ ಉಡುಪಿ ಹೋಟೆಲ್ ಥೋಡೀ ಹೈ?" ಎಂದು ನಕ್ಕ. ಮೊದಲ ಸಲಕ್ಕೆ ಒಂದು ಜೋಡಿ ಕ್ಲೌನ್ ಮೀನು ಒಯ್ಯಿರಿ, ಸಾಧು, ಚೂರು ಸಿಗಡಿ ಹಾಕಿದರೆ ಸಾಕು ಎಂದು ಹೇಳಿಯೂ ಹೇಳಿದ. ಸಿಗಡಿ ಎಂದ ಕೂಡಲೇ ನಾನು ಕಿವಿ ಮುಚ್ಚಿಕೊಂಡೆ. ಪಾಚಿ, ಸೊಪ್ಪು ಮೇಯುವ ಟ್ಯಾಂಗ್ ಮೀನು ಎರಡು ಹಿಡಿಸಿಕೊಂಡು ಬಂದೆ. ಒಂದು ನೀಲಿ, ಒಂದು ಕಂದು ಪಟ್ಟೆಯದು.

ಸುಮತಿ ಬಸಳೆ ಸೊಪ್ಪು ಬಿಸಿನೀರಿಗದ್ದಿ ಗಾಜಿಗೆ ಕ್ಲಿಪ್ ಹಾಕಿ ಸಿಕ್ಕಿಸಿದ ಬೆಳಿಗ್ಗೆ ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನಮಗೂ ಹೆಮ್ಮೆಯೇ. ನೋಡು, ನಮ್ಮ ಮನೆಗೆ ತಕ್ಕ ಮೀನು, ಯಾರನ್ನೂ ಕೊಲ್ಲದ ಮೀನು! ಆ ಸೊಪ್ಪಿಗಾಗಿಯೇ ಅವು ಬಡಿದಾಡಿಕೊಂಡವು, ಶೇಖರಾ. ಟ್ಯಾಂಗ್‌ನ ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳಿರುತ್ತದೆಂದು ನನಗೆ ಆಗಲೇ ತಿಳಿದದ್ದು. ನೀಲಿಯದು ಕಂದು ಮೀನಿನ ಪಕ್ಕೆಯನ್ನು ಗೀರಿ ಗೀರಿ ಕಲ್ಲಿನ ಸಂದಿಗೆ ಅಟ್ಟಿತು. ಅದು ಅಲ್ಲಿಂದ ಹೊರಗೆ ಬರಲೇ ಇಲ್ಲ. ಹಸಿವಿನಿಂದ ಸತ್ತಿತೋ ಗಾಯದಿಂದಲೋ. ಒಂದೇ ಆಕಾರ, ಒಂದೇ ತಿಂಡಿ ಎಂದು ನೀನು ಎಷ್ಟು ಸಲ ಹೇಳಿದ್ದೆ? ನಾನು ಕೇಳಿಸಿಕೊಳ್ಳುತ್ತಿದ್ದೆನೋ, ಇಲ್ಲ, ಬರೀ ತಲೆಯಾಡಿಸುತ್ತಿದ್ದೆನೋ?

ಅಭ್ಯಾಸಬಲದಿಂದ ನಿನ್ನ ನಂಬರಿಗೇ ಫೋನ್ ಹಚ್ಚಿದೆ. ಎತ್ತಿದವಳು ನಿನ್ನ ಮಗಳು ವಿದ್ಯಾ, ಅವಳಿಗೇ ಎಲ್ಲ ಹೇಳಿದೆ. "ಅಂಕಲ್! ದೋ ಟ್ಯಾಂಗ್ ಏಕ್ ಸಾಥ್? ಪಪ್ಪಾ ಇದ್ದಿದ್ರೆ ನಿಮ್ಗೆ ಸಖತ್ ಬೈತಿದ್ರು" ಎಂದು ನಕ್ಕಳು. ನಿನ್ನದೇ ನಗು, ಕೊನೆಯಲ್ಲಿ ಕೆಮ್ಮು ಒಂದಿಲ್ಲ. ಆಮೇಲೆ ಒಂದು ಮಾತು ಕೇಳಿದಳು. ನಿಮ್ಮ ಭಾಂಡುಪಿನ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಾರಂತೆ, ಅಲ್ಲಿಯವರೆಗೆ ತಾಯಿ ಮಗಳು ಬಾಡಿಗೆಗೆ ಎಲ್ಲಾದರೂ ಇರಬೇಕು. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಫ್ಲಾಟ್ ಖಾಲಿಯೆಂದು ಬ್ರೋಕರ್ ಹೇಳಿದ್ದಾನೆ. "ನಿಮ್ಮ ಬಿಲ್ಡಿಂಗ್ ಆದ್ರೆ ಅಮ್ಮನಿಗೆ ಒಬ್ಬಳೇ ಅಂತ ಅನ್ಸಲ್ಲ ಅಂಕಲ್. ಸುಮತಿ ಆಂಟಿ ಇದ್ದಾರೆ, ನೀವಿದ್ದೀರಿ. ಅಮ್ಮ ಈಗ ಮನೆಯಿಂದ ಹೊರಗೇ ಹೋಗಲ್ಲ." ನಾನು ಆಯಿತಮ್ಮಾ, ನಾನು ನೋಡಿಕೊಳ್ಳುತ್ತೇನೆ ಎಂದೆ. ಬಾಡಿಗೆಯವರನ್ನು ಒಪ್ಪುವ ನಮ್ಮ ಸೊಸೈಟಿಯ ಕಮಿಟಿಯಲ್ಲಿ ಇದ್ದೇನಲ್ಲ, ದೊಡ್ಡ ಮನುಷ್ಯ!

ಕಮಿಟಿಯವರು ಚಹಾ ಕುಡಿಯುತ್ತ ಆ ವಿಷಯ ಎತ್ತಿದ ಸಂಜೆಯೇ ನಾನು ನಿನಗೆ ಹೇಳಬೇಕಾದದ್ದು. ನಮ್ಮಲ್ಲಿ ಮೀನು ಮಾಂಸ ತಿನ್ನುವವರಿಗೆ ಮನೆ ಕೊಡಬಾರದೆಂದು ಎಲ್ಲಿಯೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯವೇ ಬಿದ್ದಿಲ್ಲ. ನಿಮ್ಮ ಪರಿಚಯದವರಲ್ಲವೇ ಎಂದು ಸೆಕ್ರೆಟರಿ ಕೇಳಿದರು, "ಭಟ್ ಸಾಬ್, ಆಪ್ ಕೇ ಪಹಚಾನ್ ವಾಲೇ ಹೈ ನಾ? ವೆಜ್ ಹೈ?" ಮೂವತ್ತು ವರ್ಷ ಪಕ್ಕದ ಕುರ್ಚಿಯಲ್ಲಿದ್ದವನ ಮನೆಯವರು, ಅವರ ಹೊಣೆ ನನ್ನದು ಎನ್ನಬಹುದಿತ್ತು. ನಾನು ಅಂದದ್ದು, "ಮಲ್ಪೆ ಕೇ ಹೈ. ಮಛಲೀ ವಾಲೇ." ಮೀನಿನವರು, ಅಷ್ಟೇ. ಸುಳ್ಳು ಹೇಳಲಿಲ್ಲ ನೋಡು! ಎಲ್ಲರೂ ಅರ್ಥವಾದಂತೆ ತಲೆಯಾಡಿಸಿದರು. ಮುಂದಿನ ವಿಷಯ ನೀರಿನ ಪಂಪಿನದು. ಅದರ ಬಗ್ಗೆ ನಾನು ಬಹಳ ಹೊತ್ತು ಮಾತಾಡಿದೆ. ಮರುದಿನ ವಿದ್ಯಾಗೆ ಫೋನ್ ಮಾಡಿ, ಛೆ, ಆ ಫ್ಲಾಟ್ ಬೇರೆಯವರಿಗೆ ಹೋಗಿಬಿಟ್ಟಿತು ಎಂದೆ.

ನಿನ್ನ ಮನೆಗೆ ನಾನು ಬಂದ ದಿನಗಳೆಲ್ಲ ಈಗ ಒಂದೊಂದಾಗಿ ಎದುರು ಬಂದು ನಿಲ್ಲುತ್ತಿವೆ. ನಿನ್ನ ಹೆಂಡತಿ ಗಿರಿಜಕ್ಕ ಎಲೆ ಹಾಕುವ ಹೊತ್ತಿಗೆ ನನಗೆ ಏಕಾದಶಿ ನೆನಪಾಗುತ್ತಿತ್ತು. "ನಮ್ಮ ಮನೆಗೆ ಬಂದ ದಿನವೆಲ್ಲ ಏಕಾದಶಿಯಾ ಮಾರಾಯ್ರೆ ನಿಮಗೆ?" ಎಂದು ನೀನು ನಗುತ್ತಿದ್ದೆ, ನಾನೂ ನಗುತ್ತಿದ್ದೆ. ಒಂದೇ ಹುದ್ದೆ, ಒಂದೇ ವಯಸ್ಸು. ಆದರೂ ನೀನು ಕೊನೆಯವರೆಗೂ ನನ್ನನ್ನು ನೀವು ಎಂದೆ, ನಾನು ನಿನ್ನನ್ನು ನೀನು ಎಂದೆ. ಅದನ್ನೇ ಗೆಳೆತನ ಎಂದುಕೊಂಡಿದ್ದೆ. ನಿನಗೆ ಒಮ್ಮೆಯಾದರೂ ಚುಚ್ಚಿರಲಿಲ್ಲವೇ? ಚುಚ್ಚಿದ್ದರೆ ಯಾಕೆ...

ವಿದ್ಯಾ ಒಂದು ಭಾನುವಾರ ತಾನಾಗಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಲೆ, ಬಕೆಟ್ಟು, ಥರ್ಮಾಕೋಲ್ ಡಬ್ಬಿ. ನೀಲಿ ಟ್ಯಾಂಗನ್ನು ಹಿಡಿದು, "ಇದಕ್ಕೆ ದೊಡ್ಡ ಟ್ಯಾಂಕ್ ಬೇಕು ಅಂಕಲ್, ಇದರದ್ದೂ ತಪ್ಪಿಲ್ಲ" ಎಂದು ನನ್ನನ್ನು ಕರೆದುಕೊಂಡು ಹೋಗಿ ಅಂಗಡಿಗೆ ವಾಪಸು ಕೊಡಿಸಿದಳು. ಒಂದು ಜೋಡಿ ಕ್ಲೌನ್ ಮೀನು ಆರಿಸಿದಳು, ಮರಳಿನಲ್ಲಿ ತನ್ನ ಪಾಡಿಗೆ ಕೂರುವ ಒಂದು ಪುಟ್ಟ ಗೋಬಿ ಮೀನನ್ನು ಆಮೇಲೆ ತರೋಣ ಎಂದಳು. ಮನೆಗೆ ಬಂದು ಚೀಲವನ್ನು ಟ್ಯಾಂಕಿನ ನೀರಿನಲ್ಲಿ ತೇಲಿಬಿಟ್ಟು, ಅವಸರವಿಲ್ಲದೆ ಸ್ವಲ್ಪ ಸ್ವಲ್ಪವೇ ನೀರು ಬೆರೆಸುತ್ತ ಕೂತಳು. ಥೇಟ್ ನೀನೇ. ನಾನು ಅವಳ ಮುಖ ನೋಡಲಾರದೆ ಗಾಜು ಒರೆಸುತ್ತಿದ್ದೆ.

ಕೆಲಸ ಮುಗಿದ ಮೇಲೆ ಅವಳು ಥರ್ಮಾಕೋಲ್ ಡಬ್ಬಿ ತೆರೆದು ಮಂಜುಗಡ್ಡೆಯಲ್ಲಿಟ್ಟ ಸಿಗಡಿಯ ಸಣ್ಣ ಪೊಟ್ಟಣ ತೆಗೆದಳು. ಫ್ರಿಜ್ಜಿನವರೆಗೆ ಹೋಗಿ ಅಲ್ಲೇ ನಿಂತಳು. "ಆಂಟಿ, ಇಲ್ಲಿ ಇಡಬಹುದಾ? ಇಲ್ಲಾಂದ್ರೆ ಅವು ಬದುಕಲ್ಲ." ಸುಮತಿ ನನ್ನ ಮುಖ ನೋಡಲಿಲ್ಲ. ಫ್ರೀಜರ್ ತೆರೆದು ತೆಂಗಿನತುರಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು. ಅಷ್ಟು ಸುಲಭವಿತ್ತು, ಶೇಖರಾ. ಮೂರು ಬೆರಳಿನಷ್ಟು ಜಾಗ. ಮೀನಿಗೆ ನಮ್ಮ ಮನೆಯಲ್ಲಿ ಸಿಗಡಿ ಉಂಟು, ನಿನ್ನ ಹೆಂಡತಿ ಮಗಳಿಗೆ ನಮ್ಮ ಬಿಲ್ಡಿಂಗಿನಲ್ಲಿ ಜಾಗವಿಲ್ಲ.

ಲಿಫ್ಟಿನ ಹತ್ತಿರ ಅವಳನ್ನು ಬೀಳ್ಕೊಡುವಾಗ ತಡೆಯಲಾಗಲಿಲ್ಲ. "ವಿದ್ಯಾ, ಆ ಫ್ಲಾಟ್ ಯಾರಿಗೂ ಹೋಗಿರಲಿಲ್ಲ" ಎಂದೆ. "ಗೊತ್ತು ಅಂಕಲ್. ಬ್ರೋಕರ್ ಅವತ್ತೇ ಹೇಳಿದ." ಭಟ್ ಸಾಬ್ ಏನು ಹೇಳಿದರೆಂಬುದೂ ಅವಳಿಗೆ ಗೊತ್ತಿತ್ತು. "ಮತ್ತೆ ಯಾಕೆ ಬಂದೆಯಮ್ಮ?" "ಇನ್ನೊಂದು ಮೀನೂ ಸತ್ತುಹೋಗ್ತಿತ್ತಲ್ಲ" ಎಂದಳು. ಕಮಿಟಿಯಲ್ಲಿ ಮಾತಾಡುತ್ತೇನೆ, ಜಗಳವಾಡುತ್ತೇನೆ ಎಂದೆ. "ಮಾತಾಡಿ ಅಂಕಲ್. ಲೇಕಿನ್ ನಮಗೋಸ್ಕರ ಬೇಡ. ನಾವು ಬರಲ್ಲ." ಸಿಟ್ಟಿಲ್ಲದೆ ಹೇಳಿದಳು. ಸಿಟ್ಟಾಗಿದ್ದರೆ ನಾನು ಬಚಾವಾಗುತ್ತಿದ್ದೆ.

ನಿನ್ನೆ ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತೆ. ನನ್ನ ಫ್ರಿಜ್ಜಿನಲ್ಲಿ ಸಿಗಡಿ ಇದೆ, ನನ್ನನ್ನು ಯಾವಾಗ ಖಾಲಿ ಮಾಡಿಸುತ್ತೀರಿ ಎಂದು ಕೇಳಿದೆ. ಎಲ್ಲರೂ ನಕ್ಕರು. "ಆಪ್ ಕೀ ಬಾತ್ ಅಲಗ್ ಹೈ ಭಟ್ ಸಾಬ್" ಎಂದರು ಸೆಕ್ರೆಟರಿ. ಅಲಗ್ ಅಲ್ಲ, ನನ್ನದೇನೂ ಬೇರೆಯಲ್ಲ ಎಂದೆ. ನಿನ್ನ ಹೆಸರು ಹೇಳಿದೆ. ನಾನು ಹೇಳಿದ್ದನ್ನೂ ಹೇಳದೆ ಉಳಿದದ್ದನ್ನೂ ಹೇಳಿದೆ. ಯಾರೂ ಒಪ್ಪಲಿಲ್ಲ, ಯಾರೂ ಮತ್ತೆ ನಗಲೂ ಇಲ್ಲ. ಇವತ್ತು ಲಿಫ್ಟಿನಲ್ಲಿ ಇಬ್ಬರು ನನಗೆ ಬೆನ್ನು ತಿರುಗಿಸಿ ನಿಂತರು. ಇರಲಿ.

ಆದರೆ ಇಷ್ಟರಿಂದ ನಾನು ಪಾರಾಗಲಿಲ್ಲ. ಬೆಳಿಗ್ಗೆ ಗಿರಿಜಕ್ಕ ಫೋನ್ ಮಾಡಿದ್ದರು. ಅವರಿಗೆ ಏನೂ ಗೊತ್ತಿಲ್ಲ! ವಿದ್ಯಾ ನನ್ನ ಸುಳ್ಳನ್ನೇ ತಾಯಿಗೆ ಹೇಳಿದ್ದಾಳೆ, ಪಪ್ಪಾನ ಗೆಳೆಯನ ಮಾನ ಹೋಗಬಾರದೆಂದು. "ಪಾಪ, ನಮಗೋಸ್ಕರ ಎಷ್ಟು ಓಡಾಡಿದಿರಿ ಭಟ್ರೇ. ಇವರಿದ್ದಿದ್ರೆ ಎಷ್ಟು ಖುಷಿಪಡ್ತಿದ್ರು" ಎಂದರು. ಭಾಂಡುಪಿನಲ್ಲೇ ಸ್ಟೇಷನ್ನಿನಿಂದ ದೂರ ಒಂದು ಮನೆ ಸಿಕ್ಕಿದೆಯಂತೆ. ಈ ಭಾನುವಾರ ಅಲ್ಲಿಗೆ ಹೋಗುತ್ತೇನೆ, ಶೇಖರಾ. ಬಾಗಿಲಲ್ಲೇ ನಿಂತು ಎಲ್ಲವನ್ನೂ ನಾನೇ ಹೇಳುತ್ತೇನೆ. ಕೇಳಿದ ಮೇಲೆ ಒಳಗೆ ಬನ್ನಿ ಎನ್ನುತ್ತಾರೋ ಇಲ್ಲವೋ, ಅದು ಅವರ ಮನೆ.

ನಿನ್ನ,
ಭಟ್ಟ